ಕೊಳೆಸುವುದೇ ಅದರ ಕಸುಬು

(ಜುಲೈ ತಿಂಗಳ ಒಂದು ಭಾನುವಾರ ಮಲೆನಾಡಿನ ಒಂದು ಸಣ್ಣ ಗ್ರಂಥಾಲಯದಲ್ಲಿ ಶಿಲೀಂಧ್ರಗಳ ಬಗ್ಗೆ ಮಾತನಾಡಿದ್ದೆ. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಮಾತು ಅಲ್ಲಿಂದಿಲ್ಲಿಗೆ ಹಾರಿದ ಕಡೆ ಸ್ವಲ್ಪ ಸರಿ ಮಾಡಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ.

ಮೊದಲು ಒಂದು ಪ್ರಶ್ನೆ. ಈ ವಾರ ನಿಮ್ಮ ಮನೆಯಲ್ಲಿ ಏನೇನಕ್ಕೆ ಬೂಷ್ಟು ಬಂದಿದೆ? ಹೇಳಿ, ಸಂಕೋಚ ಬೇಡ. ಚಪ್ಪಲಿ. ಬೆಲ್ಟು. ಬೀರುವಿನಲ್ಲಿದ್ದ ಮದುವೆ ಆಲ್ಬಂ. ಹಪ್ಪಳದ ಡಬ್ಬ. ಅಲ್ಲಿ ಹಿಂದೆ ಕೂತ ಅಮ್ಮ ಉಪ್ಪಿನಕಾಯಿ ಅಂದರು, ಅದಕ್ಕೆ ಕೊನೆಯಲ್ಲಿ ಬರೋಣ. ಚರ್ಮ, ಕಾಗದ, ಉದ್ದು, ಮಾವಿನಕಾಯಿ. ಒಂದಕ್ಕೊಂದು ಸಂಬಂಧ ಇಲ್ಲದ ವಸ್ತುಗಳು. ಆದರೆ ಒಂದು ವಿಷಯದಲ್ಲಿ ಎಲ್ಲವೂ ಒಂದೇ. ಇವೆಲ್ಲ ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗಳು, ಈಗ ಅದಕ್ಕೆ ಊಟ.

ನಮ್ಮ ಭಾಷೆಯಲ್ಲಿ ಈ ಕುಲಕ್ಕೆ ಎಷ್ಟು ಹೆಸರು ನೋಡಿ. ಬೂಷ್ಟು, ಅಣಬೆ, ನಾಯಿಕೊಡೆ, ಹುಳುಕಡ್ಡಿ. ಭತ್ತಕ್ಕೆ ಬೆಂಕಿ ರೋಗ, ಜೋಳಕ್ಕೆ ಕಾಡಿಗೆ ರೋಗ, ಗೋಧಿಗೆ ತುಕ್ಕು ರೋಗ. ಇವೆಲ್ಲ ಒಂದೇ ಕುಲದವು ಅಂತ ಹೇಳುವ ಹಳ್ಳಿಯ ಪದ ಮಾತ್ರ ನನಗೆ ಸಿಕ್ಕಿಲ್ಲ. ಶಿಲೀಂಧ್ರ ಅನ್ನುವುದು ಶಾಲೆಯ ಪುಸ್ತಕದಿಂದ ಬಂದ ಪದ. ಇರಲಿ, ಅದನ್ನೇ ಬಳಸೋಣ.

ಶಿಲೀಂಧ್ರ ಗಿಡ ಅಲ್ಲ. ಅದಕ್ಕೆ ಪತ್ರಹರಿತ್ತು ಇಲ್ಲ, ಬಿಸಿಲಿನಿಂದ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಅದರ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್. ಏಡಿ, ಸೀಗಡಿಯ ಚಿಪ್ಪಿನಲ್ಲಿರುವುದೂ ಅದೇ. 1969ರಲ್ಲಿ ವಿಟ್ಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಒಂದು ಇಡೀ ಸಾಮ್ರಾಜ್ಯ ಸಿಕ್ಕಿತು. ಆಮೇಲೆ ಡಿಎನ್‌ಎ ಓದಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಿಲೀಂಧ್ರ ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ನೆಂಟ ಅಂತ ಗೊತ್ತಾಯಿತು. ಈ ನೆಂಟಸ್ತನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಅದರ ಊಟದ ರೀತಿ. ನಾವು ಅನ್ನವನ್ನು ಹೊಟ್ಟೆಗೆ ಹಾಕಿಕೊಂಡು ಜೀರ್ಣ ಮಾಡುತ್ತೇವೆ. ಶಿಲೀಂಧ್ರಕ್ಕೆ ಹೊಟ್ಟೆಯೇ ಇಲ್ಲ. ಕೂದಲಿಗಿಂತ ತೆಳುವಾದ ಎಳೆಗಳನ್ನು ಊಟದ ಒಳಗೇ ಬಿಟ್ಟು, ಜೀರ್ಣರಸವನ್ನು ಹೊರಗೆ ಸುರಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಹೀಗೆ ಹೊರಗೆ ಸುರಿದ ಊಟವನ್ನು ಪಕ್ಕದಲ್ಲಿರುವ ಬ್ಯಾಕ್ಟೀರಿಯಾ ಕದ್ದು ತಿನ್ನಬಹುದು ಅಲ್ವಾ? ಅದಕ್ಕೇ ಎಷ್ಟೋ ಶಿಲೀಂಧ್ರಗಳು ಜೀರ್ಣರಸದ ಜೊತೆ ವಿಷವನ್ನೂ ಸುರಿಸುತ್ತವೆ. ನನ್ನ ಇವತ್ತಿನ ಮಾತೆಲ್ಲ ಇಷ್ಟರಲ್ಲೇ ಇದೆ. ಅದರ ಉಪಕಾರವೂ ಅಪಕಾರವೂ ಈ ಒಂದೇ ಕಸುಬಿನಿಂದ ಬರುತ್ತವೆ: ಕೊಳೆಸುವುದು, ಕೊಳೆಸಿದ್ದನ್ನು ಕಾಯ್ದುಕೊಳ್ಳುವುದು.

ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತೋಟದವರು. ಹಾಗಾಗಿ ಕೊಳೆರೋಗದ ಮಾತಾಡದೆ ಮುಂದೆ ಹೋಗುವ ಹಾಗಿಲ್ಲ.

ಕೊಳೆರೋಗ ಅನ್ನುವ ನಮ್ಮ ಪದ ಪ್ರಪಂಚದ ವಿಜ್ಞಾನದ ಪುಸ್ತಕಗಳಲ್ಲಿದೆ. 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ಶಿಲೀಂಧ್ರ ತಜ್ಞರು ಮೈಸೂರು ಸೀಮೆಯ ಕಾಫಿ ಗಿಡಕ್ಕೆ ಬಂದ ರೋಗವನ್ನು ಪರೀಕ್ಷಿಸಿದರು. ಎಲೆ ಕಪ್ಪಾಗಿ, ಕೊಳೆತು, ತೆಳು ಎಳೆಗೆ ಸಿಕ್ಕಿಕೊಂಡು ಗಿಡದಲ್ಲೇ ನೇತಾಡುವ ರೋಗ ಅದು. ಅವರು ಅದಕ್ಕಿಟ್ಟ ಲ್ಯಾಟಿನ್ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. 1958ರಲ್ಲಿ ಡಾಂಕ್ ಎಂಬ ಇನ್ನೊಬ್ಬ ತಜ್ಞರು ಆ ಶಿಲೀಂಧ್ರದ ಇಡೀ ಜಾತಿಗೇ ಕೊಳೆರೋಗ ಎಂಬ ಹೆಸರಿಟ್ಟರು. ನಮ್ಮ ಕಾಫಿ ತೋಟದ ಆಳುಗಳು ಆಡುತ್ತಿದ್ದ ಮಾತನ್ನು ದಕ್ಷಿಣ ಅಮೆರಿಕದ ಕಾಫಿ ವಿಜ್ಞಾನಿಯೂ ಬರೆಯಬೇಕಾಯಿತು. ಇದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಡಿಕೆಯ ಕೊಳೆ ಬೇರೆ. ಅದು ಫೈಟಾಫ್ತೊರ ಎಂಬ ಜೀವಿಯ ಕೆಲಸ. ನೂಲಿನ ಹಾಗೆ ಬೆಳೆಯುತ್ತದೆ, ಕಾಯಿಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಹಾಗಾಗಿ ಬಹಳ ಕಾಲ ಅದನ್ನು ಶಿಲೀಂಧ್ರ ಅಂತಲೇ ಎಣಿಸಿದರು. ನಿಜಕ್ಕೂ ಅದು ಕಂದು ಬಣ್ಣದ ಕಡಲಪಾಚಿಗಳಿಗೆ ಹತ್ತಿರದ್ದು. ಈ ವ್ಯತ್ಯಾಸದಿಂದ ತೋಟಕ್ಕೇನು ಅಂತ ಕೇಳಬೇಡಿ, ತುಂಬಾ ಇದೆ. ಅದರ ಬೀಜಕಣಕ್ಕೆ ಎರಡು ಬಾಲ ಇರುತ್ತದೆ, ನೀರಿನಲ್ಲಿ ಈಜುತ್ತದೆ. ಕಾಯಿಯ ಮೇಲೆ ನೀರಿನ ಪದರ ಒಣಗದೆ ನಿಂತರೆ ಸಾಕು, ಅದಕ್ಕೆ ಅದೇ ಕೆರೆ. ಎಡೆಬಿಡದೆ ಸುರಿದು ನಡುವೆ ಸ್ವಲ್ಪ ಬಿಸಿಲು ಇಣುಕುವ ಆಷಾಢದಲ್ಲಿ ಒಂದು ಕೊನೆಗೆ, ಅಂದರೆ ಅಡಿಕೆ ಗೊನೆಗೆ, ತಗುಲಿದ್ದು ವಾರದೊಳಗೆ ಇಡೀ ತೋಟಕ್ಕೆ ಹರಡಿ, ಬೆಳಿಗ್ಗೆ ಎದ್ದು ಹೋದರೆ ಮರದ ಬುಡದಲ್ಲೆಲ್ಲ ಹಸಿ ಕಾಯಿ ಉದುರಿ ಬಿದ್ದಿರುವುದನ್ನು ಇಲ್ಲಿರುವ ಎಷ್ಟು ಜನ ನೋಡಿಲ್ಲ ಹೇಳಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರಲ್ಲ, ಅದೂ ಇದೇ ಫೈಟಾಫ್ತೊರದ ದಾಯಾದಿಯ ಕೆಲಸ.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅವರು ಮೊದಲು ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ಅಡಿಕೆ ಕೊಳೆ ಒಂದು. 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು, ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದರು. ಅದಕ್ಕೂ ಮೊದಲು ನಮ್ಮವರಿಗೆ ಗೊತ್ತಿದ್ದದ್ದು ಕೊಟ್ಟೆ ಕಟ್ಟುವುದು, ಅಂದರೆ ಕೊನೆಗೆ ಮಳೆ ತಾಗದ ಹಾಗೆ ಹೊದಿಕೆ ಕಟ್ಟುವುದು. ರೋಗದ ಹೆಸರು ಗೊತ್ತಿಲ್ಲದಿದ್ದರೂ ನೀರನ್ನು ದೂರ ಇಟ್ಟರೆ ಕಾಯಿ ಉಳಿಯುತ್ತದೆ ಅಂತ ಅವರು ಕಂಡುಕೊಂಡಿದ್ದರು. ಅದು ಪಕ್ಕಾ ವಿಜ್ಞಾನವೇ.

ಬೋರ್ಡೋ ದ್ರಾವಣದ ಕಥೆಯೂ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಬಣ್ಣ ನೋಡಿ ವಿಷ ಅಂತ ಯಾರೂ ಮುಟ್ಟುತ್ತಿರಲಿಲ್ಲ. 1880ರ ದಶಕದಲ್ಲಿ ದ್ರಾಕ್ಷಿಗೆ ದೊಡ್ಡ ರೋಗ ಬಂದಾಗ ಆ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿ ನಿಂತದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿದರು. ಇವತ್ತಿಗೂ ನಾವು ಹೊಡೆಯುವ ಮದ್ದು ಅದೇ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೀರಲ್ಲ, ಅದನ್ನು ಯಾವತ್ತೂ ಬಿಡಬೇಡಿ. ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಅದನ್ನು ಹಾಗೇ ಹೊಡೆದರೆ ಕೊನೆ ಸುಡುತ್ತದೆ. ಇನ್ನೊಂದು ಮಾತು: ಬೋರ್ಡೋ ರೋಗ ಬಂದ ಮೇಲೆ ವಾಸಿ ಮಾಡುವ ಮದ್ದು ಅಲ್ಲ, ಬರದ ಹಾಗೆ ಕಾಯುವ ಬೇಲಿ. ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಸಿಗಲಿಲ್ಲ ಅಂತ ಹದಿನೈದು ದಿನ ತಡವಾದರೆ ಆ ವರ್ಷದ ಫಸಲು ಹೋಯಿತು ಅಂತಲೇ ಲೆಕ್ಕ. ಮದ್ದು ಕಂಡುಹಿಡಿದು ನೂರು ವರ್ಷದ ಮೇಲಾದರೂ ಅದನ್ನು ಐವತ್ತು ಅಡಿ ಎತ್ತರಕ್ಕೆ ಮುಟ್ಟಿಸುವುದು ಎಷ್ಟೋ ಕಡೆ ಇನ್ನೂ ಒಬ್ಬ ಮನುಷ್ಯನ ಕೈಕಾಲಿನ ಮೇಲೆ ನಿಂತಿದೆ. ಆ ಮನುಷ್ಯ ಒದ್ದೆ ಮರ ಹತ್ತುತ್ತಾನೆ. ಅವನ ವಿಮೆ, ಅವನ ಕೂಲಿ ಕೂಡ ಕೊಳೆರೋಗದ ಚರ್ಚೆಯಲ್ಲಿ ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ನಮ್ಮನ್ನು ಜಾಸ್ತಿ ಕಾಡುತ್ತಿರುವ ಎಲೆಚುಕ್ಕಿ ರೋಗ ಮಾತ್ರ ನಿಜವಾದ ಶಿಲೀಂಧ್ರದ್ದು, ಕೊಲೆಟೋಟ್ರೈಕಮ್ ಕುಲದ್ದು. ಕೊಳೆ ಆ ವರ್ಷದ ಕಾಯಿ ತಿನ್ನುತ್ತದೆ, ಇದು ಸೋಗೆ ಒಣಗಿಸಿ ಮರದ ಶಕ್ತಿಯನ್ನೇ ತಿನ್ನುತ್ತದೆ. ಹಾಗಾಗಿ ಒಬ್ಬರು ಸೋಗೆ ಕಡಿದು ಸುಟ್ಟು ಪಕ್ಕದ ತೋಟದವರು ಸುಮ್ನೆ ಕೂತರೆ ಪ್ರಯೋಜನ ಕಡಿಮೆ. ಊರೇ ಸೇರಿ ಮಾಡುವ ಕೆಲಸ.

ತೋಟದಲ್ಲಿ ಒಳ್ಳೆಯದನ್ನೂ ಹೇಳಬೇಕು. ಟ್ರೈಕೋಡರ್ಮಾ ಪುಡಿ ಗೊತ್ತಲ್ಲ? ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಶುಂಠಿಗೆ, ಕಾಳುಮೆಣಸಿನ ಬುಡಕ್ಕೆ ಹಾಕುತ್ತೀರಿ. ಅದೂ ಶಿಲೀಂಧ್ರವೇ. ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಅದನ್ನೇ ತಿನ್ನುತ್ತದೆ. ಗೊಬ್ಬರ ಒಣಗಿಸಿ ಹಾಕಿದರೆ ಅದು ಸಾಯುತ್ತದೆ, ತೇವ ಇರಲಿ, ನೆರಳಿರಲಿ. ಇನ್ನು ಕಣ್ಣಿಗೆ ಕಾಣದ ಒಂದು ಗುಂಪು ಬೇರಿನ ಒಳಗೇ ವಾಸ ಮಾಡುತ್ತದೆ. ಗಿಡಕ್ಕೆ ದೂರದ ಮಣ್ಣಿನಿಂದ ರಂಜಕ ತಂದುಕೊಡುತ್ತದೆ, ಕೂಲಿಯಾಗಿ ಸಕ್ಕರೆ ಪಡೆಯುತ್ತದೆ. ಭೂಮಿಯ ಹೆಚ್ಚಿನ ಗಿಡಗಳಿಗೆ ಇಂಥ ಒಪ್ಪಂದ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಇದೇ ವಿಷಯದ ಮೇಲೆ ಕೆಲಸ ಮಾಡಿದವರು.

ಈಗ ಔಷಧಿಗೆ ಬರೋಣ. 1928ರಲ್ಲಿ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ಗಾಜಿನ ತಟ್ಟೆಯಲ್ಲಿ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದ ಕಥೆ ನಿಮಗೆಲ್ಲ ಗೊತ್ತು. ಶಾಲೆಯ ಪಾಠ ಅಲ್ಲಿಗೇ ನಿಲ್ಲುತ್ತದೆ. ನನಗೆ ಅದರ ಮುಂದಿನದ್ದೇ ಹೆಚ್ಚು ಇಷ್ಟ. ಫ್ಲೆಮಿಂಗ್ ಅದಕ್ಕೆ ಪೆನಿಸಿಲಿನ್ ಅಂತ ಹೆಸರಿಟ್ಟರು, ಆದರೆ ಶುದ್ಧವಾಗಿ ತೆಗೆಯಲು ಆಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಉಳಿಯಿತು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ನಾರ್ಮನ್ ಹೀಟ್ಲಿ ಅದನ್ನು ಹಿಡಿದರು. ಯುದ್ಧದ ಕಾಲ, ಪಾತ್ರೆಗಳೂ ಇಲ್ಲ. ಹೀಟ್ಲಿ ಆಸ್ಪತ್ರೆಯ ಮಲದ ಪಾತ್ರೆ, ಹಾಲಿನ ಕ್ಯಾನು ಸೇರಿಸಿ ಯಂತ್ರ ಕಟ್ಟಿದರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕು ಕೊಟ್ಟು, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಉಳಿದ ನಾಲ್ಕು ಬದುಕಿದ್ದವು. ಮರು ವರ್ಷ ಫೆಬ್ರವರಿಯಲ್ಲಿ ಮೈಯೆಲ್ಲ ಕೀವು ತುಂಬಿ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಪೊಲೀಸ್ ಪೇದೆಗೆ ಕೊಟ್ಟರು. ಮನುಷ್ಯ ಎದ್ದು ಕೂತು ಊಟ ಮಾಡಿದ. ಐದು ದಿನಕ್ಕೆ ಔಷಧಿ ಮುಗಿಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ಮತ್ತೆ ಅವನಿಗೇ ಕೊಟ್ಟರು, ಆದರೂ ಸಾಲಲಿಲ್ಲ. ಮಾರ್ಚ್‌ನಲ್ಲಿ ತೀರಿಕೊಂಡ. ಇನ್ನೊಂದಿಷ್ಟು ಬೂಷ್ಟು ಇದ್ದಿದ್ದರೆ ಬದುಕುತ್ತಿದ್ದ.

ಆಮೇಲೆ ಅಮೆರಿಕದ ಪಿಯೋರಿಯ ಊರಿನ ಸರ್ಕಾರಿ ಪ್ರಯೋಗಾಲಯದವರು ಜಾಸ್ತಿ ಪೆನಿಸಿಲಿನ್ ಕೊಡುವ ತಳಿ ಹುಡುಕುತ್ತಾ ಹೊರಟರು. ಅದು ಸಿಕ್ಕಿದ್ದು ಅದೇ ಊರಿನ ಮಾರುಕಟ್ಟೆಯ ಒಂದು ಕೊಳೆತ ಕರಬೂಜ ಹಣ್ಣಿನಲ್ಲಿ. ನಮ್ಮ ದೇಶದಲ್ಲಿ 1954ರಲ್ಲಿ ಪುಣೆ ಪಕ್ಕದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಶುರುವಾಯಿತು. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಬಂತು. ಹೀಟ್ಲಿಗೆ ಬರಲಿಲ್ಲ. ಈ ಹೆಸರನ್ನು ಮಕ್ಕಳಿಗೆ ಹೇಳಿಕೊಡಿ, ದಯವಿಟ್ಟು.

ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಇದ್ದೇ ಇರುತ್ತೀರಿ. ಆ ಸ್ಟಾಟಿನ್ ಮಾತ್ರೆಗಳ ಮೂಲವೂ ಬೂಷ್ಟೇ. ಜಪಾನಿನ ಅಕಿರಾ ಎಂಡೊ ಯೋಚಿಸಿದ್ದು ಹೀಗೆ: ಶಿಲೀಂಧ್ರಗಳು ತಮ್ಮ ಶತ್ರುಗಳ ಬೆಳವಣಿಗೆ ತಡೆಯಲು ವಿಷ ಮಾಡುತ್ತವೆ, ಅದರಲ್ಲಿ ಒಂದಾದರೂ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುವುದು ಇರಬಹುದು. ಸಾವಿರಾರು ಶಿಲೀಂಧ್ರ ಪರೀಕ್ಷಿಸಿದರು. 1973ರಲ್ಲಿ ಸಿಕ್ಕಿತು, ಕ್ಯೋಟೋ ನಗರದ ದಿನಸಿ ಅಂಗಡಿಯೊಂದರ ಅಕ್ಕಿಯಲ್ಲಿದ್ದ ನೀಲಿ ಹಸಿರು ಬೂಷ್ಟಿನಲ್ಲಿ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೊರಿನ್ ಕೂಡ ನಾರ್ವೆಯ ಒಂದು ಹಿಡಿ ಮಣ್ಣಿನಲ್ಲಿದ್ದ ಶಿಲೀಂಧ್ರದ್ದು.

ಅಕ್ಕಿಯ ಬೂಷ್ಟು ಹೃದಯ ಕಾಯಿತು. ಈಗ ಕಡಲೆಕಾಯಿಯ ಬೂಷ್ಟು ನೋಡಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಹುಡುಕಿದಾಗ ತಪ್ಪು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿತ್ತು. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು, ಅದು ಬಿಟ್ಟ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದ ಬಡ ಆದಿವಾಸಿ ಕುಟುಂಬಗಳಲ್ಲಿ ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಬೂಷ್ಟು ಅಂತ ಕಂಡಿತ್ತು, ಆದರೆ ಎಸೆಯಲು ಬೇರೆ ಕಾಳು ಮನೆಯಲ್ಲಿ ಇರಬೇಕಲ್ಲ. ಈ ವಿಷ ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರ್ ತರುತ್ತದೆ. ಬೇಯಿಸಿದರೆ ಹೋಗುವುದಿಲ್ಲ. ಹುರಿದರೂ ಪೂರ್ತಿ ಹೋಗುವುದಿಲ್ಲ.

ಚಳ್ಳಕೆರೆ, ಪಾವಗಡದ ಕಡೆಯ ರೈತರಿಗೆ ನಾನು ಹೇಳುವುದು ಹೊಸದೇನಲ್ಲ. ಕಡಲೆಕಾಯಿ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ, ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಒಡೆದ ಕಾಯಿ, ಸುಕ್ಕಿದ ಬೀಜ, ಬಣ್ಣ ಕೆಟ್ಟದ್ದು ಬೇರೆ ಮಾಡಿ. ಆ ಬೇರೆ ಮಾಡಿದ್ದನ್ನು ಗಾಣಕ್ಕೆ ಕೊಡುತ್ತಾರೆ, ಅಲ್ಲೇ ನನಗೆ ತಕರಾರು. ಗಾಣದ ಎಣ್ಣೆ ನನಗೂ ಇಷ್ಟ, ಆದರೆ ಕೆಟ್ಟ ಬೀಜದ ವಿಷ ಆ ಎಣ್ಣೆಗೂ ಬರುತ್ತದೆ. ಮನುಷ್ಯರಿಗೆ ಬೇಡ ಅಂತ ಬೂಷ್ಟು ಹಿಂಡಿಯನ್ನು ದನಕ್ಕೆ ಹಾಕಿದರೆ ಹಾಲಿನ ದಾರಿಯಲ್ಲಿ ಮನೆ ಮಗುವಿನ ಲೋಟಕ್ಕೆ ವಾಪಸ್ ಬರುತ್ತದೆ.

ಇನ್ನು ನಮ್ಮ ಮೈ. ಬಹುಪಾಲು ಶಿಲೀಂಧ್ರಗಳಿಗೆ ನಮ್ಮ ಮೈಯ 37 ಡಿಗ್ರಿ ಶಾಖ ಆಗಿಬರುವುದಿಲ್ಲ. ಅದೇ ನಮ್ಮ ಮೊದಲ ರಕ್ಷಣೆ. ಹಾಗಾಗಿ ಅವು ಚರ್ಮದ ಮೇಲೇ ಉಳಿಯುತ್ತವೆ, ಬೆವರು ಒಣಗದ ಕಡೆ. ಹುಳುಕಡ್ಡಿ ಅಂತ ಹೆಸರಿದ್ದರೂ ಅದರಲ್ಲಿ ಹುಳ ಇಲ್ಲ. ನಮ್ಮ ಚಿಕ್ಕಪ್ಪನಿಗೆ ತೊಡೆಸಂದಿಯಲ್ಲಿ ಆಗಿತ್ತು. ನಾಚಿಕೆ ಪಟ್ಟು ಯಾರಿಗೂ ಹೇಳದೆ ಒಂದು ಮೆಡಿಕಲ್ ಶಾಪಿನಲ್ಲಿ ಕ್ರೀಂ ತಂದು ಹಚ್ಚಿಕೊಂಡರು. ಎರಡೇ ದಿನಕ್ಕೆ ತುರಿಕೆ ನಿಂತಿತು. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದರು. ಎಂಟು ತಿಂಗಳಾದ ಮೇಲೆ ಬೆನ್ನಿಗೆ, ಚಿಕ್ಕಮ್ಮನಿಗೆ, ಮೊಮ್ಮಗಳಿಗೂ ಹರಡಿತ್ತು. ಆ ಕ್ರೀಮಿನಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ತುರಿಕೆ ನಿಲ್ಲಿಸುತ್ತದೆ, ಜೊತೆಗೆ ಶಿಲೀಂಧ್ರದ ವಿರುದ್ಧ ಹೋರಾಡುತ್ತಿದ್ದ ನಮ್ಮ ಚರ್ಮವನ್ನೂ ಮಲಗಿಸುತ್ತದೆ. ಭಾರತದಲ್ಲಿ ಹೀಗೆ ಬೆಳೆದ ಒಂದು ತಳಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಮೊದಲೆಲ್ಲ ಕೆಲಸ ಮಾಡುತ್ತಿದ್ದ ಟೆರ್ಬಿನಫಿನ್ ಮಾತ್ರೆಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ, ಬೇರೆ ದೇಶಗಳಿಗೂ ಹೋಗಿದೆ. ಕೊಳೆರೋಗ ಎಂಬ ಹೆಸರು ಕೊಟ್ಟದ್ದಕ್ಕೆ ಹೆಮ್ಮೆ ಪಟ್ಟೆ, ಈ ಹೆಸರಿಗೆ ಸಂಕಟ ಆಗುತ್ತದೆ. ಚರ್ಮದ ಡಾಕ್ಟರ ಹತ್ತಿರ ಹೋಗಿ. ಅವರು ಹೇಳಿದಷ್ಟು ವಾರ, ವಾಸಿಯಾದಂತೆ ಕಂಡರೂ, ಮುಂದುವರಿಸಿ. ಮನೆಯವರಿಗೆಲ್ಲ ಒಟ್ಟಿಗೇ ಚಿಕಿತ್ಸೆ ಆಗಲಿ.

2021ರ ಕಪ್ಪು ಶಿಲೀಂಧ್ರ ನೆನಪಿದೆಯಲ್ಲ. ಆ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಬಂದಿತ್ತು. ಆ ಶಿಲೀಂಧ್ರ ಕಪ್ಪಲ್ಲ. ಅದು ರಕ್ತನಾಳ ಮುಚ್ಚಿದಾಗ ಸತ್ತ ನಮ್ಮ ಮಾಂಸ ಕಪ್ಪಾಗುತ್ತದೆ. ಅದರ ಬೀಜಕಣ ಎಲ್ಲ ಕಾಲದಲ್ಲೂ ಗಾಳಿಯಲ್ಲಿದೆ, ಈ ಕೋಣೆಯಲ್ಲೂ ಇದೆ. ಕೋವಿಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೇಕಾಬಿಟ್ಟಿ ಸ್ಟೀರಾಯ್ಡ್ ಮೂರೂ ಸೇರಿ ಅದಕ್ಕೆ ಬಾಗಿಲು ತೆರೆದವು. ಇಲ್ಲೇ ಆ ನೆಂಟಸ್ತನದ ಮಾತು ಬರುವುದು. ಬ್ಯಾಕ್ಟೀರಿಯಾ ನಮಗೆ ತುಂಬಾ ದೂರ, ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧಿ ಮಾಡುವುದು ಸುಲಭ. ಶಿಲೀಂಧ್ರದ ಜೀವಕೋಶ ನಮ್ಮದರ ಹಾಗೇ ಇದೆ. ಅದಕ್ಕೆ ಹೊಡೆದ ಪೆಟ್ಟು ನಮಗೂ ತಾಗುತ್ತದೆ. ಆಗ ಕೊಟ್ಟ ಆಂಫೊಟೆರಿಸಿನ್ ಎಷ್ಟೋ ಜನರ ಕಿಡ್ನಿಗೂ ಪೆಟ್ಟು ಕೊಟ್ಟದ್ದು ಅದಕ್ಕೇ.

ಕೊನೆಗೆ ಪ್ರಶ್ನೆಗಳು.

ಇಡ್ಲಿ ಹಿಟ್ಟು ಹುಳಿ ಬರುವುದು ಶಿಲೀಂಧ್ರದಿಂದಲಾ ಅಂತ ಒಬ್ಬ ಹುಡುಗಿ ಕೇಳಿದಳು. ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ, ಈಸ್ಟ್ ಸ್ವಲ್ಪ ಜೊತೆ ಕೊಡುತ್ತದೆ. ಬನ್ನು, ಬ್ರೆಡ್ಡು ಉಬ್ಬುವುದು ಮಾತ್ರ ಈಸ್ಟಿನಿಂದ, ಅದು ಶಿಲೀಂಧ್ರ.

ಕಾಡಿನ ಅಣಬೆ ಒಳ್ಳೆಯದೋ ಕೆಟ್ಟದ್ದೋ ನೋಡುವುದು ಹೇಗೆ ಅಂತ ಇನ್ನೊಬ್ಬರು. ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳ ತಿಂದದ್ದು ವಿಷ ಅಲ್ಲ, ಇವೆಲ್ಲ ಸುಳ್ಳು. ಅತಿ ಕೆಟ್ಟ ಅಣಬೆಗಳು ರುಚಿಯಾಗಿಯೇ ಇರುತ್ತವೆ. ತಿಂದು ಆರು ಗಂಟೆಗೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ವಾಂತಿ ಭೇದಿ, ನಡುವೆ ಒಂದು ದಿನ ಹುಷಾರಾದಂತೆ ಕಂಡು ಆಮೇಲೆ ಲಿವರ್ ಹೋಗುತ್ತದೆ. ಮೊದಲ ಗುಡುಗು ಮಳೆಗೆ ಹುತ್ತದ ಮೇಲೆ ಏಳುವ ಅಣಬೆಯನ್ನು ಅಜ್ಜಿ ಕಾಲದಿಂದ ಅದೇ ಜಾಗದಲ್ಲಿ ಕಿತ್ತು ತಿಂದವರು ತಿನ್ನಲಿ. ಅದನ್ನು ಗೆದ್ದಲು ತನ್ನ ಗೂಡಿನೊಳಗೆ ಸಾಕುತ್ತದೆ, ನಮಗೆ ಅದನ್ನು ಬೇಸಾಯ ಮಾಡಲು ಇನ್ನೂ ಸರಿಯಾಗಿ ಬಂದಿಲ್ಲ. ಫೋನಿನಲ್ಲಿ ಫೋಟೋ ನೋಡಿ ಹೋಲಿಸಿ ತಿನ್ನುವುದು ಮಾತ್ರ ಬೇಡವೇ ಬೇಡ. ಆಸೆಯಾದರೆ ಚಿಪ್ಪಿನ ಅಣಬೆ ಬೆಳೆಸಿ. ಒಣ ಹುಲ್ಲು, ಒಂದು ಪ್ಲಾಸ್ಟಿಕ್ ಚೀಲ, ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯಂಥ ಕಡೆ ಸಿಗುವ ಬೀಜ ಇದ್ದರೆ ಸಾಕು.

ಆಮೇಲೆ ಹಿಂದಿನ ಸಾಲಿನ ಅಮ್ಮನ ಉಪ್ಪಿನಕಾಯಿ. ‘ಮೇಲಿನ ಬೂಷ್ಟು ತೆಗೆದು ಕೆಳಗಿನದ್ದು ಬಳಸ್ತೀವಿ, ನಮ್ಮ ಅತ್ತೆಯೂ ಹಾಗೇ ಮಾಡ್ತಿದ್ರು, ತಪ್ಪಾ?’ ಅಂತ ಕೇಳಿದರು. ಅಮ್ಮಾ, ಮೇಲೆ ಕಾಣುವುದು ಅದರ ಹೂವಿನ ಹಾಗೆ, ಎಳೆಗಳು ಕೆಳಗೆ ಎಷ್ಟು ದೂರ ಹೋಗಿವೆ ಅಂತ ಕಣ್ಣಿಗೆ ಕಾಣುವುದಿಲ್ಲ ಅಂದೆ. ಹಸಿರು, ಕಪ್ಪು, ಹಳದಿ ಉಣ್ಣೆಯಂತೆ ಕಟ್ಟಿದ್ದರೆ ಜಾಡಿಯನ್ನೇ ಖಾಲಿ ಮಾಡಿ. ಮುಂದಿನ ವರ್ಷ ಉಪ್ಪು ಕಡಿಮೆ ಮಾಡಬೇಡಿ, ಒದ್ದೆ ಸೌಟು ಹಾಕಬೇಡಿ, ಹೋಳು ಉಪ್ಪುನೀರಿನಲ್ಲೋ ಎಣ್ಣೆಯಲ್ಲೋ ಪೂರ್ತಿ ಮುಳುಗಿರಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡಾಕ್ಟರು ಬಿಪಿ ಅಂದ್ರು ಅಂತ ಈ ಸಲ ಉಪ್ಪು ಕಮ್ಮಿ ಹಾಕಿದ್ದೆ’ ಅಂದರು. ಉಪ್ಪು ಸರಿಯಾಗಿಯೇ ಹಾಕಿ, ಬಡಿಸಿಕೊಳ್ಳುವಾಗ ಒಂದೇ ಹೋಳು ಹಾಕಿಕೊಳ್ಳಿ ಅಂದೆ.